ವಗೀರನ್ ಬಿಡಿಸಿ ಹೇಳದ ಒಂದೇ ಮಾತು

ನಮ್ಮ ಓಣಿಯ ಬಾಯಲ್ಲಿ ಒಂದು ಗಸಗಸೆ ಹಣ್ಣಿನ ಮರವಿದೆ. ಅದರ ಕೆಳಗೆ ವಗೀರನ್‌ನ ಪಂಕ್ಚರ್ ಅಂಗಡಿ. ಅಂಗಡಿ ಎಂದರೆ ಗಾಳಿ ಹಾಕುವ ಯಂತ್ರ, ನೀರು ತುಂಬಿದ ಬೋಗುಣಿ, ಕೊಂಬೆಗೆ ನೇತುಹಾಕಿದ ಹಳೆಯ ಟೈರುಗಳು, ಮತ್ತು ಒಂದು ಬೆಂಚು. ಆ ಬೆಂಚಿನ ಮೇಲೆ ಯಾವ ಹೊತ್ತಿನಲ್ಲಿ ನೋಡಿದರೂ ಓಣಿಯ ಹುಡುಗ ಹುಡುಗಿಯರು ಕೂತಿರುತ್ತಾರೆ. ಅಲ್ಲಿ ನೆರಳಿದೆ, ಫೋನು ಚಾರ್ಜ್ ಮಾಡಲು ಕರೆಂಟಿದೆ, ಮತ್ತು ನಿಮಗೇನು ಬೇರೆ ಕೆಲಸವಿಲ್ಲವಾ ಎಂದು ವಗೀರನ್ ಯಾರನ್ನೂ ಕೇಳುವುದಿಲ್ಲ. ಅವರು ಅವರಷ್ಟಕ್ಕೆ ಹರಟುತ್ತಾರೆ. ಇವನು ಇವನಷ್ಟಕ್ಕೆ ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ಎಲ್ಲಿಂದ ಬರುತ್ತದೆ ಎಂದು ನೋಡುತ್ತಾನೆ. ಹಾಗೆ ಗುಳ್ಳೆ ನೋಡುತ್ತ ನೋಡುತ್ತ ಆ ಮಕ್ಕಳ ಭಾಷೆ ಅವನ ಕಿವಿಗೆ ಇಳಿದುಬಿಟ್ಟಿತು.

ನಾನು ಎದುರು ಮನೆಯವಳು. ಸೋಲೋ ಊರಿನ ಈ ಅಂಚಿಗೆ ಸೊಸೆಯಾಗಿ ಬಂದು ಇಲ್ಲೇ ಮುದುಕಿಯಾದೆ. ಓಣಿಯಲ್ಲಿ ಯಾರ ಮನೆ ಮದುವೆಯಾದರೂ ಅನ್ನ ಬೇಯಿಸುವುದು ನನ್ನ ಪಾಲಿಗೆ ಬಂದ ಕೆಲಸ. ಓಣಿಯವರೆಲ್ಲ ನನ್ನನ್ನು ಬುದೆ ಎನ್ನುತ್ತಾರೆ, ದೊಡ್ಡಮ್ಮ ಎಂದ ಹಾಗೆ. ವಗೀರನ್‌ನನ್ನು ಪಾಕ್‌ದೆ ಎನ್ನುವವರು ಮಕ್ಕಳು, ದೊಡ್ಡಪ್ಪ ಎಂದ ಹಾಗೆ. ಬರಿಯ ಬು ಎಂದರೆ ಅಮ್ಮ, ಪಾಕ್ ಎಂದರೆ ಅಪ್ಪ, ಹಿರಿಯರ ಹೆಸರಿನ ಮುಂದೆ ಮರ್ಯಾದೆಗೆ ಸೇರಿಸುವುದು.

ಫೋನುಗಳು ಬಂದ ಮೇಲೆ ನಮ್ಮ ವಯಸ್ಸಿನವರಿಗೆ ಒಂದು ಹೊಸ ಕಷ್ಟ ಶುರುವಾಗಿತ್ತು. ಮೊಮ್ಮಕ್ಕಳು ಸಂದೇಶ ಕಳಿಸುತ್ತಾರೆ, ಓದಲು ಬರುತ್ತದೆ, ಅರ್ಥವಾಗುವುದಿಲ್ಲ. ಮಕ್ಕಳನ್ನೇ ಕೇಳಿದರೆ ನಗುತ್ತಾರೆ. ಅದಕ್ಕೆ ಟೈರಿನಲ್ಲಿ ಗಾಳಿ ಕಡಿಮೆಯಾಗಿದೆ ಎಂದು ಸುಳ್ಳು ನೆವ ಹೇಳಿಕೊಂಡು ಎಲ್ಲರೂ ವಗೀರನ್ ಹತ್ತಿರ ಬರುತ್ತಿದ್ದರು. ಸೈಕಲ್ಲೇ ಇಲ್ಲದ ಬು ಸುಮಿಯೆಮ್ ಕೂಡ ಬಂದಳು.

"ವಗೀರನ್, ಮೊಮ್ಮಗಳು ನಂಗೆ 'ಬಾಪೆರ್' ಅಂತ ಬರ್ದಿದಾಳೆ. ಇದು ಕಾಯಿಲೆನಾ, ಬೈಗುಳನಾ?"

"ನೀವೇನು ಬರ್ದಿದ್ರಿ ಬು, ಅದಕ್ಕೆ ಮುಂಚೆ?"

"ಹಬ್ಬಕ್ಕೆ ಬರೋಕಾಗಲ್ಲ ಅಂದ್ಲು. ಆಯ್ತು ಬಿಡಮ್ಮ, ನಾನು ಸತ್ತಾಗ ಬಾ ಅಂದೆ."

"ಹಾಗಾದ್ರೆ ಸರಿಯಾಗೇ ಬರ್ದಿದಾಳೆ. ಎರಡು ಮಾತು ಮುರಿದು ಒಂದು ಮಾಡಿರೋದು ಅದು. ಮನಸ್ಸಿಗೆ ಹಚ್ಕೊಳ್ಳೋದು ಅಂತ. ಯಾರೋ ದಾರೀಲಿ ಒಂದು ಮಾತು ಎಸೆದು ಹೋಗ್ತಾರೆ. ನೀವು ಅದನ್ನ ಆರಿಸ್ಕೊಂಡು ಮನೆಗೆ ತಂದು, ತೊಳೆದು, ಬೇಯಿಸಿ, ವಾರಗಟ್ಲೆ ಬಿಸಿ ಮಾಡ್ಕೊಂಡು ತಿಂತೀರಲ್ಲ, ಅದು."

"ನಾನ್ಯಾವಾಗ ಹಾಗೆ ಮಾಡಿದೀನಿ?"

"ಮೊನ್ನೆ ನಿಮ್ಮ ಖಾರದ ಚಟ್ನಿಗೆ ಉಪ್ಪು ಒಂಚೂರು..."

"ಆ ಉಪ್ಪಿನ ಮಾತು ಮತ್ತೆ ಎತ್ಬೇಡ ನೀನು. ಎಲ್ಲರ ಮುಂದೆ ಅಂದೆ."

"ನೋಡಿ, ಇನ್ನೂ ಬಿಸಿ ಆರಿಲ್ಲ."

ಇನ್ನೊಂದು ದಿನ ಗರಗಸದ ಮರ್ದಿ ಬಂದ. ಮರ ಕೊಯ್ಯುವ ಕಾರ್ಖಾನೆಯಿಂದ ನಿವೃತ್ತನಾದರೂ ಅವನ ಹೆಸರಿನಿಂದ ಗರಗಸ ಹೋಗಿಲ್ಲ. "ನಮ್ಮ ಹುಡುಗ ಕೊನೆಗೂ ಕೆಲ್ಸಕ್ಕೆ ಸೇರಿದ ಕಣೋ. ಎಲ್ಲಿದೀಯ ಅಂತ ಕೇಳಿದ್ರೆ 'ಮಾಗೆರ್' ಅಂತ ಬರೀತಾನೆ. ಒಳ್ಳೇ ಕಂಪನಿನಾ ಅದು?"

ವಗೀರನ್ ಕೈ ಒರೆಸಿಕೊಂಡ. ಇಂಥ ಸಮಯದಲ್ಲಿ ಅವನು ನಗುವುದಿಲ್ಲ. "ಕಂಪನಿ ಅಲ್ಲ ಮರ್ದಿಯಣ್ಣ. ಅಲ್ಲಾಡೋಕೂ ಬೇಜಾರು ಅಂತ. ಮಲಗಿದಾನೆ."

ಮರ್ದಿ ಫೋನನ್ನು ಜೇಬಿಗೆ ಹಾಕಿಕೊಂಡ. "ಇದು ನಮ್ಮಪ್ಪನಿಗೂ ಇತ್ತು. ಆಗ ಹೆಸರಿರ್ಲಿಲ್ಲ ಅಷ್ಟೆ."

ಬಿಡಿಸಿ ಹೇಳಬಾರದ ಮಾತುಗಳೂ ಬರುತ್ತಿದ್ದವು. ಆಗ ವಗೀರನ್, "ಈ ಮಾತಿನ ತೂತು ದೊಡ್ಡದು ಬು, ತೇಪೆ ನಿಲ್ಲಲ್ಲ," ಎಂದು ಟ್ಯೂಬಿನ ಕಡೆ ತಿರುಗುತ್ತಿದ್ದ. ಯಾರು ಏನು ಕೇಳಿದರು ಎಂದು ಮಕ್ಕಳಿಗೆ ಹೇಳುತ್ತಿರಲಿಲ್ಲ, ಮಕ್ಕಳು ಬೆಂಚಿನ ಮೇಲೆ ಏನಾಡಿಕೊಂಡರೆಂದು ದೊಡ್ಡವರಿಗೂ ಹೇಳುತ್ತಿರಲಿಲ್ಲ. ಅದಕ್ಕೇ ಎರಡು ಕಡೆಯವರೂ ಅವನನ್ನು ನಂಬಿದ್ದರು.

ವಗೀರನ್‌ಗೆ ಒಬ್ಬಳೇ ಮಗಳು, ರೆತ್ನೊ. ಅವಳ ತಾಯಿ ಸುಹಾರ್ನಿ, ಊರೆಲ್ಲ ಬಾಗಿಲು ಹಾಕಿಕೊಂಡ ಆ ದೊಡ್ಡ ಕಾಯಿಲೆಯ ವರ್ಷದಲ್ಲಿ ತೀರಿಕೊಂಡಳು. ರೆತ್ನೊ ಸೆಮಾರಾಂಗ್ ಊರಿನ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಾಗ ಅಲ್ಲಿಯ ಹುಡುಗನನ್ನು ಮೆಚ್ಚಿದಳು. ಒಳ್ಳೆಯ ಜನ, ನಮಗಿಂತ ಒಂದು ಕೈ ಮೇಲಿನವರು. ಹುಡುಗನ ತಂದೆ ಪಾಕ್ ಹರ್ಜಂಟೊ ಫೋನು ಮಾಡಿ, ಛತ್ರ ನಾವೇ ಹಿಡಿಯುತ್ತೇವೆ, ಅಡುಗೆಯವರೂ ನಮ್ಮವರೇ, ಜನ ಬೇಕಾದ್ದನ್ನು ಬೇಕಾದಷ್ಟು ಬಡಿಸಿಕೊಂಡು ಉಣ್ಣಲಿ, ನಿಮಗೇಕೆ ತೊಂದರೆ ಎಂದರು.

ವಗೀರನ್ ನಾಲ್ಕು ಸಲ ಕ್ಷಮೆ ಕೇಳಿ, ಒಂದು ಸಲ ಬೇಡ ಎಂದ. "ನನ್ನ ಮನೆಗೆ ಬಂದವರು ತಟ್ಟೆ ಹಿಡ್ಕೊಂಡು ನಿಲ್ಲಬಾರ್ದು. ಮದುವೆ ಓಣೀಲೇ ಆಗುತ್ತೆ. ನಮ್ಮ ಮಕ್ಕಳೇ ಬಡಿಸ್ತಾರೆ."

ನಮ್ಮ ಕಡೆಯ ಹಳೆಯ ಪದ್ಧತಿ ಅದು. ಅತಿಥಿಗಳು ಖುರ್ಚಿ ಬಿಟ್ಟು ಏಳುವಂತಿಲ್ಲ. ಓಣಿಯ ಹರೆಯದವರು ಬಿಳಿ ಅಂಗಿ ತೊಟ್ಟು ಸಾಲಾಗಿ ಬರುತ್ತಾರೆ, ಟ್ರೇಗಳು ತಲೆಗಳ ಮೇಲೆ ಹಾರಿದ ಹಾಗೆ ಕೈಯಿಂದ ಕೈಗೆ ಹೋಗುತ್ತವೆ. ಮೊದಲು ಚಹಾ ಮತ್ತು ತಿಂಡಿ. ಆಮೇಲೆ ಸೂಪು. ಆಮೇಲೆ ಅನ್ನ. ಕೊನೆಗೆ ಹಣ್ಣಿನ ಚೂರು, ಬಣ್ಣದ ಪಾಕ ಹಾಕಿದ ಐಸು. ಐಸು ಕೈಗೆ ಬಂತೆಂದರೆ ಮದುವೆ ಮುಗಿಯಿತು. ಅತಿಥಿ ಅದನ್ನು ಕುಡಿದು, ಎದ್ದು, ಬಾಗಿಲಲ್ಲಿ ನಿಂತ ಮನೆಯವರ ಕೈ ಮುಟ್ಟಿ ಹೊರಟುಹೋಗುತ್ತಾನೆ. ಹೊರಡಿ ಎಂದು ನಾವು ಯಾರಿಗೂ ಹೇಳುವುದಿಲ್ಲ. ಐಸು ಹೇಳುತ್ತದೆ.

ವಗೀರನ್ ಮತ್ತು ಸುಹಾರ್ನಿ ಒಬ್ಬರನ್ನೊಬ್ಬರು ಮೊದಲು ನೋಡಿದ್ದು ಇಂಥದೇ ಸಾಲಿನಲ್ಲಿ. ಇವನು ಸೂಪು, ಹಿಂದೆ ಅವಳು ಅನ್ನ. ಇವನು ತಿರುಗಿ ತಿರುಗಿ ನೋಡಿ ಒಬ್ಬ ಪೊಲೀಸನ ತೊಡೆಯ ಮೇಲೆ ಸೂಪು ಚೆಲ್ಲಿದ್ದ. ಛತ್ರ ಬೇಡ ಎಂದದ್ದಕ್ಕೆ ಅದೇ ಕಾರಣ ಎಂದು ಅವನು ಬೀಗರಿಗೆ ಹೇಳಲಿಲ್ಲ, ನಮಗೂ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಬಡಿಸುವ ಮಕ್ಕಳನ್ನು ತಯಾರು ಮಾಡುವುದು ಕಾರ್ಸೊ ಅಜ್ಜನ ಹಕ್ಕು. ನಾವು ಅವರನ್ನು ಮ್ಬಾ ಕಾರ್ಸೊ ಎನ್ನುತ್ತೇವೆ. ಶಾಲೆಯ ಜವಾನರಾಗಿದ್ದವರು. ಟ್ರೇ ಹಿಡಿಯುವ ರೀತಿ, ದೊಡ್ಡವರ ಮುಂದೆ ಬೆನ್ನು ಬಾಗಿಸಿ ನಡೆಯುವ ರೀತಿ, ಎಲ್ಲ ಅವರೇ ಕಲಿಸಬೇಕು. ಆದರೆ ಆ ಕಾಯಿಲೆ ಬಂದ ಮೇಲೆ ಓಣಿಯಲ್ಲಿ ಇಂಥ ಮದುವೆ ಆಗಿಯೇ ಇರಲಿಲ್ಲ. ಆಗ ಚಡ್ಡಿ ಹಾಕಿಕೊಂಡು ಓಡಾಡುತ್ತಿದ್ದವರೇ ಈಗಿನ ಹರೆಯದವರು. ಅವರ ಮುಂದಾಳು ಗಿಲಾಂಗ್, ನಮ್ಮ ಪಕ್ಕದ ಮನೆಯ ಹುಡುಗ, ಎತ್ತರಕ್ಕೆ ಬೆಳೆದು ಬಾಗಿಲು ಬಾಗಿಲಿಗೂ ತಲೆ ಹೊಡೆದುಕೊಳ್ಳುವವನು.

ಮ್ಬಾ ಕಾರ್ಸೊ ಆ ಮಕ್ಕಳ ಫೋನಿನ ಗುಂಪಿಗೆ ಒಂದು ಸಂದೇಶ ಬರೆದರು. ಬರೆಯಲು ಒಂದು ಮಧ್ಯಾಹ್ನ ಹಿಡಿಯಿತು. ಮೊದಲು ದೇವರ ಹೆಸರು, ಆಮೇಲೆ ಹಿರಿಯರಿಗೆ ವಂದನೆ, ಆಮೇಲೆ ಕಿರಿಯರಿಗೆ ಆಶೀರ್ವಾದ, ಆಮೇಲೆ ತಪ್ಪಿದ್ದರೆ ಕ್ಷಮೆ, ಬರೆದದ್ದು ಉದ್ದವಾಯಿತೆಂದು ಇನ್ನೊಂದು ಕ್ಷಮೆ. ಕೊನೆಗೆ ಒಂದು ಸಾಲು: ರೆತ್ನೊಳ ಮದುವೆಯಲ್ಲಿ ಬಡಿಸಲು ಒಪ್ಪುವಿರಾ.

ಗಿಲಾಂಗ್ ಉತ್ತರ ಬರೆದ: "ಕುಯ್."

ಅಷ್ಟೆ. ಇನ್ನುಳಿದ ಮಕ್ಕಳು ಅದರ ಕೆಳಗೆ ಹೆಬ್ಬೆರಳು ಎತ್ತಿದರು.

ಆ ಸಂಜೆ ಗೋಡೆಯಾಚೆಯಿಂದ ಮ್ಬಾ ಕಾರ್ಸೊ ಹೆಂಡತಿಗೆ ಹೇಳುವುದು ಕೇಳಿಸಿತು. "ಕೋಳಿ ಕರೆಯೋಕೂ ನಾವು ಇದಕ್ಕಿಂತ ಉದ್ದ ಕೂಗ್ತೀವಿ."

ವಿಷಯ ತಿಳಿದು ವಗೀರನ್ ಅವರ ಮನೆಗೆ ಓಡಿ ಬಂದ. "ಮ್ಬಾ, ಅದು ನಮ್ಮದೇ 'ಯುಕ್', 'ನಡೀರಿ, ಹೋಗೋಣ' ಅನ್ನೋ ಮಾತು. ಹಿಂದುಮುಂದು ಮಾಡಿದಾರೆ ಅಷ್ಟೆ. ಒಪ್ಕೊಂಡಿದಾರೆ. ಖುಷಿಯಾಗೇ ಒಪ್ಕೊಂಡಿದಾರೆ."

"ಹಿಂದುಮುಂದು ಯಾಕೆ ಮಾಡಿದ್ರು?"

"ಸುಮ್ನೆ."

"ನಾನು ಅಂಗೀನ ಹಿಂದುಮುಂದು ಹಾಕ್ಕೊಂಡು ನಿನ್ನ ಮಗಳ ಮದುವೆಗೆ ಬಂದು ಸುಮ್ನೆ ಅಂದ್ರೆ?"

ಮಕ್ಕಳ ಪರವಾಗಿ ವಗೀರನ್ ಕ್ಷಮೆ ಕೇಳಿದ.

"ಇಲ್ಲ ಇಲ್ಲ, ನಂಗೇನೂ ಬೇಜಾರಿಲ್ಲ," ಎಂದರು ಮ್ಬಾ ಕಾರ್ಸೊ, ಮುಗುಳ್ನಗುತ್ತ. ಬೇಜಾರು ಎಷ್ಟು ದೊಡ್ಡದೆಂದು ವಗೀರನ್‌ಗೆ ಅದರಿಂದಲೇ ತಿಳಿಯಿತಂತೆ.

ಮರುದಿನ ಗಿಲಾಂಗ್ ಬೆಂಚಿನ ಮೇಲೆ ಎದೆಯುಬ್ಬಿಸಿ ಕೂತಿದ್ದ. ನಾನು ಒಣಗಿದ ಬಟ್ಟೆ ತೆಗೆಯುತ್ತಿದ್ದೆ.

"ಪಾಕ್‌ದೆ, ಇವತ್ತು ಮ್ಬಾ ಕಾರ್ಸೊ ನಂಗೆ 'ತಾವು' ಅಂದ್ರು. 'ತಾವು ಎತ್ತ ಕಡೆ ದಯಮಾಡಿಸ್ತಿದೀರಿ' ಅಂದ್ರು. ನಂಗೆ ಇಲ್ಲೀವರ್ಗೂ ಯಾರೂ ಅಷ್ಟು ಮರ್ಯಾದೆ ಕೊಟ್ಟಿಲ್ಲ."

ವಗೀರನ್ ಟ್ಯೂಬನ್ನು ಕೆಳಗಿಟ್ಟ. "ಮಗ, ಅದು ಮರ್ಯಾದೆ ಅಲ್ಲ. ಬೈದಿದಾರೆ."

"ತಾವು ಅಂದಿದ್ದಾ?"

"ತುಂಬಾ ಕೆಟ್ಟದಾಗಿ ಬೈದಿದಾರೆ."

"ಸಿಟ್ಟಿದ್ರೆ ಸಿಟ್ಟು ಅಂತ ನೇರ ಹೇಳ್ಬಾರ್ದಾ?"

"ನೇರ ಹೇಳಿದ್ರೆ ನಿಂಗೆ ಬೇಜಾರಾಗುತ್ತಲ್ಲ."

"ಈಗ ಆಗ್ಲೇ ಇಲ್ವಲ್ಲ."

"ಅದೇ ಅವರ ಸಂಕಟ."

ಗಿಲಾಂಗ್ ತಲೆ ಕೆರೆದುಕೊಂಡ. ಹಾಗಾದರೆ ಹೋಗಿ ಕ್ಷಮೆ ಕೇಳುತ್ತೇನೆ ಎಂದ. ಅದೂ ಆಗುವಂತಿರಲಿಲ್ಲ. ಬೇಜಾರಿಲ್ಲ ಎಂದವರ ಬಳಿ ಹೋಗಿ ಕ್ಷಮೆ ಕೇಳಿದರೆ, ನೀವು ಸುಳ್ಳು ಹೇಳಿದಿರಿ ಎಂದ ಹಾಗೆ. ಇದನ್ನು ಬಿಡಿಸಿ ಹೇಳಲು ವಗೀರನ್‌ಗೆ ಅರ್ಧ ಗಂಟೆ ಹಿಡಿಯಿತು. ಪಂಕ್ಚರ್ ಹಾಕಿಸಲು ಬಂದವನು ಕಾದು ಕಾದು ತಾನೇ ಬೋಗುಣಿಯ ಮುಂದೆ ಕೂತ.

"ನಿಮ್ಮ ಭಾಷೆ ನಮ್ಮದಕ್ಕಿಂತ ಕಷ್ಟ ಪಾಕ್‌ದೆ," ಎಂದ ಗಿಲಾಂಗ್ ಕೊನೆಗೆ.

ಮಕ್ಕಳಿಗೆ ಕಲಿಸುವ ದಿನ ಮ್ಬಾ ಕಾರ್ಸೊ ಮಂಡಿನೋವು ಎಂದು ಹೇಳಿಕಳಿಸಿದರು. ವಗೀರನ್ ತಾನೇ ಅಂಗಳದಲ್ಲಿ ನಿಂತ. ಸೂಪಿನ ಬದಲು ನೀರು, ಅನ್ನದ ಬದಲು ಇಟ್ಟಿಗೆ ಚೂರು. ಮಕ್ಕಳು ನಗುತ್ತ ಡಿಕ್ಕಿ ಹೊಡೆದುಕೊಳ್ಳುತ್ತ ಕಲಿತರು.

"ಇನ್ನೊಂದ್ಸಲ ಹೇಳಿ. ಯಾವುದಾದ್ಮೇಲೆ ಯಾವುದು?"

"ಚಹಾ, ಸೂಪು, ಅನ್ನ, ಐಸು."

"ತಪ್ಪಬಾರ್ದು. ನಾನು ಸೆಮಾರಾಂಗ್‌ನೋರಿಗೆ ಮಾತು ಕೊಟ್ಟಿದೀನಿ. ಗಂಡಿನ ದಿಬ್ಬಣ ಬಂದು ಕೂತ ಮೇಲೇ ಸೂಪು."

"ಕುಯ್, ಪಾಕ್‌ದೆ."

ಐಸು ಯಾಕೆ ಕೊನೆಗೆ ಎಂದು ಅವನು ಹೇಳಲಿಲ್ಲ. ಸೂರ್ಯ ಯಾಕೆ ಬೆಳಗ್ಗೆ ಹುಟ್ಟುತ್ತಾನೆ ಎಂದು ಯಾರು ಹೇಳುತ್ತಾರೆ. ಆದರೆ ಆ ಮಕ್ಕಳು ಕಂಡಿದ್ದೆಲ್ಲ ಛತ್ರದ ಮದುವೆಗಳು. ಅಲ್ಲಿ ಐಸಿನ ಕೊಪ್ಪರಿಗೆ ಬಾಗಿಲ ಪಕ್ಕದಲ್ಲೇ ಇರುತ್ತದೆ, ಒಳಗೆ ಬರುತ್ತಲೇ ಕುಡಿಯಬಹುದು, ಉಂಡ ಮೇಲೂ ಕುಡಿಯಬಹುದು, ಬೇಕಾದರೆ ಊಟ ಬಿಟ್ಟು ಅದನ್ನೇ ಕುಡಿಯಬಹುದು.

ಮದುವೆಯ ದಿನ ಬಂತು. ಓಣಿಯ ಬಾಯಿಗೆ ಎಳೆಯ ತೆಂಗಿನ ಗರಿಯ ಕಮಾನು ನಿಂತಿತು. ಉದ್ದಕ್ಕೂ ಶಾಮಿಯಾನ. ಬೆಳಗ್ಗೆ ನಿಕಾಹ್ ಮುಗಿಸಿಕೊಂಡು ಗಂಡಿನ ಕಡೆಯವರು, ಬಟ್ಟೆ ಬದಲಿಸಿ ದಿಬ್ಬಣ ಕಟ್ಟಿಕೊಂಡು ಬರುತ್ತೇವೆಂದು ಗಂಡನ್ನೂ ಕರೆದುಕೊಂಡು ತಾವು ಇಳಿದುಕೊಂಡಿದ್ದ ಕಡೆಗೆ ಹೋದರು. ಹತ್ತೂವರೆಗೆಲ್ಲ ಖುರ್ಚಿಗಳು ತುಂಬಿದವು. ಮ್ಬಾ ಕಾರ್ಸೊ ಕೂಡ ಬಂದರು. ಇಸ್ತ್ರಿ ಮಾಡಿದ ಬಾತಿಕ್ ಅಂಗಿ, ತಲೆಗೆ ಕರಿ ಟೋಪಿ. ಅಡುಗೆ ಕಡೆಗೆ ತಿರುಗಿಯೂ ನೋಡದೆ ಹೋಗಿ ಮೊದಲ ಸಾಲಿನಲ್ಲಿ ಅತಿಥಿಯಂತೆ ಕೂತುಬಿಟ್ಟರು. ಪಕ್ಕದ ಮನೆಯ ಮದುವೆಯಲ್ಲಿ ಕೈಕಟ್ಟಿ ಅತಿಥಿಯಾಗಿ ಕೂರುವುದಿದೆಯಲ್ಲ, ನಮ್ಮಲ್ಲಿ ಅದಕ್ಕಿಂತ ದೊಡ್ಡ ಸಿಟ್ಟಿಲ್ಲ. ಬು ಸುಮಿಯೆಮ್ ನನ್ನ ಪಕ್ಕೆ ತಿವಿದು, "ನೋಡು ಬುದೆ, ಬಾಪೆರ್," ಎಂದಳು.

ಚಹಾ ಹೋಯಿತು. ಬಾಳೆಲೆಯಲ್ಲಿ ಸುತ್ತಿದ ಅಂಟಕ್ಕಿಯ ತಿಂಡಿ ಹೋಯಿತು. ಒಂದು ಲೋಟವೂ ಬೀಳಲಿಲ್ಲ. ಬಾಗಿಲಲ್ಲಿ ನಿಂತಿದ್ದ ವಗೀರನ್ ಮುಖ ಅರಳಿತು.

ದಿಬ್ಬಣ ಮಾತ್ರ ಬರಲಿಲ್ಲ. ದಾರಿಯಲ್ಲಿ ಯಾವುದೋ ಶಾಲೆಯ ಮೆರವಣಿಗೆ, ಬಸ್ಸು ಅದರ ಹಿಂದೆ ಸಿಕ್ಕಿಕೊಂಡಿದೆ, ಇನ್ನೇನು ಬಂದೆವು ಎಂದು ಫೋನು ಬಂತು. ಸ್ವಲ್ಪ ಹೊತ್ತಿಗೆ ಅದೇ ಇನ್ನೇನು ಇನ್ನೊಮ್ಮೆ ಬಂತು. ಸೆಕೆ ಏರಿತು. ಶಾಮಿಯಾನದ ಕೆಳಗೆ ಗಾಳಿಯೇ ಇಲ್ಲ. ಅಜ್ಜಿಯರ ಮುಖದ ಪೌಡರು ಗೆರೆ ಗೆರೆಯಾಗಿ ಇಳಿಯಿತು. ಗರಗಸದ ಮರ್ದಿ ಟೋಪಿ ತೆಗೆದು ಬೀಸಿಕೊಳ್ಳತೊಡಗಿದ.

ಪರದೆಯ ಸಂದಿಯಿಂದ ಗಿಲಾಂಗ್ ಇಣುಕಿ ನೋಡಿದ. "ಪಾಪ, ಬಾಡಿಹೋಗ್ತಿದಾರೆ ಎಲ್ಲ. ಸೂಪು ಕೊಡೋಹಾಗಿಲ್ಲ, ಪಾಕ್‌ದೆ ದಿಬ್ಬಣ ಬರ್ಲಿ ಅಂದಿದಾರೆ. ಐಸು ಇಲ್ಲೇ ಕರಗ್ತಾ ಕೂತಿದೆ. ಅದನ್ನಾದ್ರೂ ಕೊಡೋಣ್ವಾ?"

"ಕುಯ್," ಎಂದವು ಉಳಿದ ಮಕ್ಕಳು.

ನಾನು ಅನ್ನದ ಹಬೆಯಲ್ಲಿ ಮುಳುಗಿದ್ದೆ. ಅವರನ್ನು ನೋಡಿದ್ದು ಸಾಲು ಹೊರಟ ಮೇಲೆ. ಎಷ್ಟು ಚೆನ್ನಾಗಿ ಹೊರಟಿತು ಎಂದರೆ, ಬೆನ್ನು ಬಾಗಿಸಿ, ಹೆಜ್ಜೆಗೆ ಹೆಜ್ಜೆ ಕೂಡಿಸಿ, ಕೆಂಪು ಹಸಿರು ಲೋಟಗಳು ತಲೆಗಳ ಮೇಲೆ ತೇಲುತ್ತ. ನಾನು ಕೂಗುವಷ್ಟರಲ್ಲಿ ಮೊದಲ ಲೋಟ ಅತಿಥಿಯ ಕೈ ಸೇರಿತ್ತು.

ಶಾಮಿಯಾನದಲ್ಲಿದ್ದ ಇಷ್ಟೂ ಜನ ತಮ್ಮ ಕೈಗೆ ಬಂದ ಐಸನ್ನು ನೋಡಿದರು. ಹೆಣ್ಣು ಇನ್ನೂ ಹೊರಗೆ ಬಂದಿಲ್ಲ. ಗಂಡು ಇನ್ನೂ ಬಸ್ಸಿನಲ್ಲಿದ್ದಾನೆ. ಸೂಪಿನ ವಾಸನೆ ಮೂಗಿಗೆ ಬರುತ್ತಿದೆ. ಆದರೆ ಐಸು ಬಂದಿದೆ. ಏನೋ ಆಗಿರಬೇಕು, ಮನೆಯವರಿಗೆ ಏನೋ ಕಷ್ಟ ಬಂದಿರಬೇಕು, ಕೇಳುವುದು ಸರಿಯಲ್ಲ ಎಂದು ಒಬ್ಬೊಬ್ಬರೂ ಅಂದುಕೊಂಡರು. ಬೇಗ ಬೇಗ ಕುಡಿದರು. ಉಟ್ಟ ಬಟ್ಟೆ ಸರಿಮಾಡಿಕೊಂಡು ಎದ್ದು ನಿಂತರು. ಮುಂದಿನ ಸಾಲಿನವರು ಮೊದಲು ಹೋಗಬೇಕಾದ್ದರಿಂದ ಮ್ಬಾ ಕಾರ್ಸೊ ಎಲ್ಲರಿಗಿಂತ ಮುಂದೆ. ಹಿಂದೆ ಇಡೀ ಓಣಿ.

ಬಾಗಿಲಲ್ಲಿ ವಗೀರನ್ ನಿಂತಿದ್ದ. ತನ್ನತ್ತ ಬರುತ್ತಿರುವ ಸಾಲನ್ನು ನೋಡಿದ. ಇವನಿಗೆ ಎಲ್ಲರ ಮಾತೂ ಗೊತ್ತು. ಆದರೆ ಹೊರಟ ಅತಿಥಿಗೆ ಕೂರಿ ಎಂದರೆ, ನಿಮಗೆ ತಿಳಿಯಲಿಲ್ಲ ಎಂದ ಹಾಗೆ. ಮಕ್ಕಳು ತಪ್ಪು ಮಾಡಿದರು ಎಂದರೆ, ಬಡಿಸಲು ಬಂದವರನ್ನು ಎಲ್ಲರೆದುರು ಅವಮಾನ ಮಾಡಿದ ಹಾಗೆ. ಮನೆಯ ಯಜಮಾನ ಆ ಜಾಗದಲ್ಲಿ ಆಡಬಹುದಾದದ್ದು ಒಂದೇ ಮಾತು, ಬಂದದ್ದಕ್ಕೆ ಧನ್ಯವಾದ. ವಗೀರನ್ ಎರಡೂ ಕೈ ಚಾಚಿದ.

ಗಿಲಾಂಗ್ ಖಾಲಿ ಟ್ರೇ ಹಿಡಿದು ಖುಷಿಯಾಗಿ ಒಳಗೆ ಬಂದ. "ಬುದೆ, ಎಲ್ಲರೂ ಎದ್ದು ನಿಂತು ಕುಡೀತಿದಾರೆ, ಅಷ್ಟು ಬಾಯಾರಿಕೆ ಆಗಿತ್ತು."

"ಮನೆಗೆ ಹೋಗ್ತಿದಾರೆ ಕಣೋ."

"ಯಾಕೆ?"

"ಐಸು ಕೊಟ್ರಲ್ಲ ನೀವು. ಐಸು ಅಂದ್ರೆ ಇನ್ನು ಹೊರಡಿ ಅಂತ."

ಅವನ ಮುಖ ಅನ್ನದ ಹಾಗೆ ಬೆಳ್ಳಗಾಯಿತು. "ಇದನ್ನ ಯಾರೂ ಹೇಳ್ಲೇ ಇಲ್ವಲ್ಲ ನಮಗೆ."

ನನ್ನ ಉತ್ತರಕ್ಕೆ ಅವನು ಕಾಯಲೂ ಇಲ್ಲ. ಸೂಪು ಜೋಡಿಸಿಟ್ಟಿದ್ದ ಟ್ರೇ ಎತ್ತಿಕೊಂಡು ಓಡಿದ. ಶಾಮಿಯಾನದ ಕಂಬಕ್ಕೆ ತಲೆ ಹೊಡೆದುಕೊಂಡ. ಸಾಲಿನ ಮುಂದೆ, ವಗೀರನ್ ಕೈಗೂ ಮ್ಬಾ ಕಾರ್ಸೊ ಕೈಗೂ ನಡುವೆ, ಟ್ರೇ ಹಿಡಿದು ಮಂಡಿಯೂರಿ ಕೂತ.

"ಮ್ಬಾ, ಹೋಗ್ಬೇಡಿ. ತಪ್ಪು ನಂದು. ಐಸು ಅಂದ್ರೆ ಹೊರಡಿ ಅಂತ ನಮಗೆ ಗೊತ್ತಿರ್ಲಿಲ್ಲ. ಸೆಕೆ ಅಂತ ಕೊಟ್ವಿ. ನಮಗೆ ಹೇಳ್ಕೊಡೋರು ನೀವು, ನೀವು ಬರ್ಲಿಲ್ಲ. ನನ್ನ ಮೇಲೆ ಸಿಟ್ಟಿದ್ರೆ ಬೈರಿ. ಮದುವೆ ಇನ್ನೂ ಶುರುವಾಗಿಲ್ಲ. ಸೂಪು ಬಿಸಿಯಾಗಿದೆ."

ಇಷ್ಟು ನೇರವಾಗಿ ಒಬ್ಬ ಹುಡುಗ ಹಿರಿಯರೊಂದಿಗೆ ಮಾತಾಡಿದ್ದನ್ನು ಆ ಶಾಮಿಯಾನ ಕೇಳಿರಲಿಲ್ಲ. ಹಿಂದಿನವರಿಗೆ ಕೇಳಿಸಲಿಲ್ಲವೆಂದು ಮುಂದಿನವರು ಅದನ್ನು ಹಿಂದಕ್ಕೆ ದಾಟಿಸಿದರು. ಸೆಕೆ ಅಂತ ಕೊಟ್ಟರಂತೆ. ಪಾಪ, ಸೆಕೆ ಅಂತ.

ಆದರೂ ಯಾರೂ ಅಲ್ಲಾಡಲಿಲ್ಲ. ಐಸು ಬಂದಿದೆ, ಆದ್ದರಿಂದ ಹೋಗಬೇಕು. ಸೂಪು ಬಂದಿದೆ, ಆದ್ದರಿಂದ ಕೂರಬೇಕು. ಇಂಥ ಕಡೆ ಏನು ಮಾಡಬೇಕೆಂದು ನಮಗೆ ಯಾವ ಹಿರಿಯರೂ ಕಲಿಸಿಹೋಗಿಲ್ಲ. ಎಲ್ಲರೂ ಮ್ಬಾ ಕಾರ್ಸೊ ಬೆನ್ನು ನೋಡುತ್ತ ನಿಂತರು.

ಮ್ಬಾ ಕಾರ್ಸೊ ಹುಡುಗನನ್ನು ನೋಡಲಿಲ್ಲ, ಟ್ರೇ ನೋಡಿದರು.

"ಹೆಬ್ಬೆರಳು ಎಲ್ಲಿದೆ ನಿಂದು?"

ಗಿಲಾಂಗ್ ಕೆಳಗೆ ನೋಡಿದ. ಹೆಬ್ಬೆರಳು ಸೂಪಿನೊಳಗಿತ್ತು.

"ತೆಗಿ ಆಚೆಗೆ. ಟ್ರೇ ಹಾಗಾ ಹಿಡಿಯೋದು? ನಿನಗೆ ತಲೆ ಇದೆಯೇನೋ?"

"ಇಲ್ಲ ಮ್ಬಾ," ಎಂದ ಗಿಲಾಂಗ್. ಮುಖ ತುಂಬ ನಗು. ಅಜ್ಜ 'ತಾವು' ಬಿಟ್ಟು 'ನಿನಗೆ' ಎಂದಿದ್ದರು.

"ಆ ಲೋಟಗಳನ್ನ ಯಾರು ತೆಗೀಬೇಕೋ? ಅವು ಅಲ್ಲೇ ಕೂತು ಮೊಟ್ಟೆ ಇಡ್ತಾವಾ? ನಡಿ, ಎಲ್ಲಿದಾರೆ ಉಳಿದೋರು." ಅವರು ಅಂಗಿಯ ತೋಳು ಮಡಚಿಕೊಂಡು, ಬಾಗಿಲ ಕಡೆಗಲ್ಲ, ಅಡುಗೆಯ ಕಡೆಗೆ ನಡೆದರು. ಮಂಡಿ ಚೆನ್ನಾಗಿಯೇ ಇತ್ತು.

ಅವರು ತಿರುಗಿದ್ದೇ ತಡ, ಇಡೀ ಓಣಿ ಕೂತಿತು. ಕಾಯುತ್ತಿದ್ದವರ ಹಾಗೆ ಕೂತಿತು. ಬು ಸುಮಿಯೆಮ್ ಮಾತ್ರ ಒಳಗೆ ಬಂದು ನನ್ನ ಕಿವಿಯಲ್ಲಿ, "ಹೆಬ್ಬೆರಳಿದ್ದ ಆ ಬಟ್ಟಲು ಬೇರೆ ಇಡು, ಮರ್ದಿಗೆ ಕೊಡೋಣ," ಎಂದಳು.

ಸೂಪು ಅರ್ಧ ಸಾಲಿಗೆ ತಲುಪುವಾಗ ಡೋಲಿನ ಸದ್ದು ಕೇಳಿತು. ದಿಬ್ಬಣ ಬಂತು. ವಗೀರನ್‌ಗೆ ಇನ್ನೊಂದು ದಿಗಿಲು. ಬೀಗರು ಬರುವ ಮೊದಲೇ ಊಟ ಶುರುವಾಗಿದೆ. ಪಾಕ್ ಹರ್ಜಂಟೊ ಬಾಗಿಲಲ್ಲಿ ನಿಂತು ನೋಡಿದರು. ಎಲ್ಲರ ಕೈಯಲ್ಲೂ ಬಿಸಿ ಸೂಪು, ಕಾಲ ಬಳಿ ಖಾಲಿ ಐಸಿನ ಲೋಟ. ಅವರು ಉಸಿರು ಬಿಟ್ಟರು.

"ದಾರಿಯುದ್ದಕ್ಕೂ ನಾಚಿಕೆ ಆಗ್ತಿತ್ತು ಬೀಗರೇ. ನಮ್ಮಿಂದ ಇಷ್ಟು ಜನ ಹಸ್ಕೊಂಡು ಕೂತಿರ್ತಾರೆ ಅಂತ. ಅವರಿಗೆ ಐಸು ಕೊಟ್ಟು, ಸೂಪೂ ಕೊಟ್ಟಿದೀರಿ. ಎಷ್ಟು ಯೋಚನೆ ಮಾಡಿದೀರಿ."

"ಮಕ್ಕಳು ಮಾಡಿದ್ದು," ಎಂದ ವಗೀರನ್. ಅದು ಸುಳ್ಳೇನಲ್ಲ.

ಹಸೆ ತುಂಬಿತು. ರೆತ್ನೊ ಬಂದು ಕೂತಳು. ಮ್ಬಾ ಕಾರ್ಸೊ ಪರದೆಯ ಬಳಿ ನಿಂತು ಹುಬ್ಬಿನಲ್ಲೇ ಸಾಲು ನಡೆಸಿದರು. ಅನ್ನ ಹೋಯಿತು. ಹಾಗೆ ಹಾರುವ ಟ್ರೇಗಳನ್ನು ನಾನು ಎಷ್ಟೋ ವರ್ಷಗಳಿಂದ ನೋಡಿರಲಿಲ್ಲ. ಸೆಮಾರಾಂಗ್‌ನವರು ಉಣ್ಣುವುದು ಬಿಟ್ಟು ಫೋನೆತ್ತಿ ಚಿತ್ರ ತೆಗೆದರು. ನನ್ನ ಅನ್ನದಲ್ಲಿ ಒಂದು ಅಗುಳು ಉಳಿಯಲಿಲ್ಲ.

ಊಟ ಮುಗಿಯಿತು. ಎಲ್ಲರೂ ಕೂತರು.

ಇನ್ನೂ ಕೂತರು.

ಮಧ್ಯಾಹ್ನದ ಬಿಸಿಲು ಶಾಮಿಯಾನದ ಒಂದು ಬದಿಯಿಂದ ಇನ್ನೊಂದು ಬದಿಗೆ ಜಾರಿತು. ಮಸೀದಿಯಿಂದ ಸಂಜೆಯ ಕೂಗು ಬಂತು. ಗಂಡಿನ ಕಡೆಯ ಒಬ್ಬ ಚಿಕ್ಕಪ್ಪ ಕೂತಲ್ಲೇ ಗೊರಕೆ ಹೊಡೆದ. ಹಸೆಯ ಮೇಲೆ ಗಂಡು ಹೆಣ್ಣು ನಕ್ಕು ನಕ್ಕು ಕೆನ್ನೆ ಹಿಡಿದುಕೊಂಡರು. ಬಸ್ಸಿನ ಚಾಲಕ ಎರಡು ಸಲ ಬಂದು ಇಣುಕಿ ಹೋದ. ಯಾರೂ ಏಳಲಿಲ್ಲ.

ವಗೀರನ್ ಒಳಗೆ ಬಂದ. "ಬುದೆ, ಐಸು?"

"ಎಲ್ಲಿಂದ ತರ್ಲಿ? ಆಗ್ಲೇ ಕುಡಿದಾಯ್ತಲ್ಲ."

"ಹಾಗಾದ್ರೆ ಇವರು ಮನೆಗೆ ಹೋಗೋದು ಹೇಗೆ?"

"ಸಾಕು, ಹೊರಡಿ ಅಂತ ಹೇಳಿದ್ರಾಯ್ತು," ಎಂದ ಗಿಲಾಂಗ್. ಅಡುಗೆಮನೆಯಲ್ಲಿದ್ದ ಅಷ್ಟೂ ಮುದುಕ ಮುದುಕಿಯರು ಅವನತ್ತ ತಿರುಗಿದರು. "ನಾನೇನೂ ಹೇಳ್ಲಿಲ್ಲ," ಎಂದ ಅವನು.

ಕೊನೆಗೆ ಮಕ್ಕಳೇ ಮೂರು ಬೈಕು ಹತ್ತಿ ಸುತ್ತಲ ಓಣಿಗಳ ಗೂಡಂಗಡಿಗಳನ್ನೆಲ್ಲ ಬಳಿದು ಬಂದರು. ಸಿಕ್ಕಿದ್ದು ಶಾಲೆಯ ಮಕ್ಕಳು ಚೀಪುವ ಐಸು, ಉದ್ದನೆಯ ಪ್ಲಾಸ್ಟಿಕ್ ಕೊಳವೆಯಲ್ಲಿ ಹೆಪ್ಪುಗಟ್ಟಿಸಿದ ಬಣ್ಣದ ಸಕ್ಕರೆ ನೀರು. ಮ್ಬಾ ಕಾರ್ಸೊ ಅದನ್ನು ಎತ್ತಿ ಹಿಡಿದು ತಿರುಗಿಸಿ ನೋಡಿದರು. "ಐಸೇ," ಎಂದು ತೀರ್ಪು ಕೊಟ್ಟರು. ಪ್ರತಿ ಟ್ರೇ ಮೇಲೆ ಬಿಳಿ ಬಟ್ಟೆ ಹಾಸಿ, ಕೊಳವೆಗಳನ್ನು ಕತ್ತಿಗಳಂತೆ ಸಾಲಾಗಿ ಜೋಡಿಸಿದರು. ಬಾಯಿಂದ ಕಚ್ಚಿ ತುದಿ ಹರಿಯಬಾರದು, ಕತ್ತರಿಯಿಂದ ಕತ್ತರಿಸಿಯೇ ಕೊಡಬೇಕು ಎಂದರು.

ಸಾಲು ಹೊರಟಿತು. ಕೆಂಪು ಕೊಳವೆ ಕೈಗೆ ಬಂದದ್ದೇ ಅತಿಥಿಗಳ ಮುಖದಲ್ಲಿ ಒಂದು ನೆಮ್ಮದಿ ಮೂಡಿತು. ನಿಟ್ಟುಸಿರು ಬಿಟ್ಟು ಎದ್ದರು. ಎಡಗೈಯಲ್ಲಿ ಐಸು, ಬಲಗೈಯಲ್ಲಿ ನಮಸ್ಕಾರ. ಜರಿಯ ಸೆರಗಿನ ಅಜ್ಜಿಯರು, ನಿವೃತ್ತ ಗುಮಾಸ್ತರು, ಮಸೀದಿಯ ಹಿರಿಯರು, ಎಲ್ಲ ಐಸು ಚೀಪುತ್ತ ಕಮಾನಿನ ಕೆಳಗೆ ಹಾದುಹೋದರು. ಪಾಕ್ ಹರ್ಜಂಟೊ ಹಸಿರು ಬಣ್ಣದ್ದು ಇದೆಯಾ ಎಂದು ಕೇಳಿ ಬದಲಾಯಿಸಿಕೊಂಡರು. ರೆತ್ನೊ ನೀರು ತುಂಬಿದ ಕಣ್ಣಲ್ಲಿ ಅಪ್ಪನ ಕೈ ಹಿಡಿದು, "ಹೋಗ್ಬರ್ತೀನಿ ಅಪ್ಪ," ಎಂದಳು. ಅವಳ ನಾಲಿಗೆ ಕೆಂಪಾಗಿತ್ತು.

ಬಸ್ಸು ಹೋದ ಮೇಲೆ ನಾವು ಅಡುಗೆಯವರು ಮಾತ್ರ ಉಳಿದೆವು. ಮ್ಬಾ ಕಾರ್ಸೊ ತೊಳೆದ ಟ್ರೇಗಳನ್ನು ಒಂದರ ಮೇಲೊಂದು ಹೇಗೆ ಕವುಚಬೇಕೆಂದು ತೋರಿಸುತ್ತಿದ್ದರು. ಗಿಲಾಂಗ್ ಒರೆಸಿ ಒರೆಸಿ ಕೊಡುತ್ತಿದ್ದ.

"ಮ್ಬಾ, ಹೀಗೆ ಯಾರೂ ಹೇಳದೇ ಇರೋದು ಇನ್ನೂ ಏನೇನಿದೆ?"

"ಬೇಕಾದಷ್ಟಿದೆ."

"ಹಾಗಾದ್ರೆ ಹೇಳಿ, ಒಂದೇ ಸಲ ಮುಗಿದುಹೋಗ್ಲಿ."

"ಎಲ್ಲಾ ಹೇಳ್ಬಿಟ್ರೆ ಅದು ಹೇಳದೇ ಇರೋದು ಹೇಗಾಗುತ್ತೋ?"

ಗಿಲಾಂಗ್‌ಗೆ ಅದು ಅರ್ಥವಾಗಲಿಲ್ಲ. ಮ್ಬಾ ಕಾರ್ಸೊಗೂ ತಾವು ಹೇಳಿದ್ದು ಸರಿಯೋ ಅಲ್ಲವೋ ಎಂಬ ಅನುಮಾನ ಬಂದಂತಿತ್ತು. ಇಬ್ಬರೂ ಒಟ್ಟಿಗೇ ವಗೀರನ್ ಕಡೆ ತಿರುಗಿದರು, ಬಿಡಿಸಿ ಹೇಳಲಿ ಎಂದು.

ವಗೀರನ್ ಖಾಲಿ ಶಾಮಿಯಾನದ ನಡುವಿನ ಒಂದು ಖುರ್ಚಿಯಲ್ಲಿ, ಅತಿಥಿಯ ಹಾಗೆ ಕಾಲು ಚಾಚಿಕೊಂಡು, ಬಾಯಿ ತೆರೆದು ನಿದ್ದೆಹೋಗಿದ್ದ. ಅವನ ಪಾಲಿನ ಐಸು ಅಂಗಿಯ ಮೇಲೆ ಕರಗಿ ಇಳಿಯುತ್ತಿತ್ತು. ಎಬ್ಬಿಸಬೇಡಿ ಎಂದು ನಾನು ಕೈ ಸನ್ನೆ ಮಾಡಿದೆ. ಅವನಿನ್ನೂ ಉಂಡಿರಲಿಲ್ಲ. ಅವನ ಪಾಲಿನ ಅನ್ನಕ್ಕೆ ಇನ್ನೊಂದು ಚಿಕ್ಕ ಪಾತ್ರೆಯಲ್ಲಿ ಎಸರಿಟ್ಟೆ.